ಹಾಲೂ ಕಲಿಲ, ಬೆಣ್ಣೆಯೂ ಕಲಿಲ ಅಂತಾರೆ. ಹಾಗಾದರೆ ವ್ಯತ್ಯಾಸ ಏನು? ಕಲಿಲದ ಗುಣಗಳೇನು?

ನಾನು ದಾವಣಗೆರೆಯವನು, ಬೆಣ್ಣೆಯಿಂದಲೇ ಹೇಳುತ್ತೇನೆ.

ಒಂದು ವಸ್ತುವಿನ ಸಣ್ಣ ಕಣಗಳು ಇನ್ನೊಂದರಲ್ಲಿ ಹರಡಿ ನಿಂತರೆ ಅದು ಕಲಿಲ. ಕಣದ ಗಾತ್ರ ಸುಮಾರು 1ರಿಂದ 1000 ನ್ಯಾನೊಮೀಟರ್. ಉಪ್ಪುನೀರಿನ ಕಣ ಇದಕ್ಕಿಂತ ಚಿಕ್ಕದು. ಕೆಸರುನೀರಿನದು ದೊಡ್ಡದು, ಅದಕ್ಕೇ ತಳಕ್ಕಿಳಿಯುತ್ತದೆ.

ಹಾಲಿನಲ್ಲಿ ನೀರೊಳಗೆ ಕೊಬ್ಬಿನ ಹನಿಗಳಿವೆ. ಇದು ಎಮಲ್ಷನ್, ಅಂದರೆ ದ್ರವದಲ್ಲಿ ದ್ರವ ಹರಡಿದ ಕಲಿಲ. (ಕೆಲವು ಹನಿ ಮೇಲೆ ಹೇಳಿದ ಅಳತೆಗಿಂತ ದಪ್ಪ. ಕೆನೆ ಮೇಲೆ ಬರೋದು ಅದಕ್ಕೇ.) ಕೆನೆ ಕಡೆದಾಗ ಹನಿಗಳ ಪೊರೆ ಒಡೆದು ಕೊಬ್ಬೆಲ್ಲ ಅಂಟಿಕೊಳ್ಳುತ್ತದೆ. ಮಜ್ಜಿಗೆ ಬೇರೆಯಾಗುತ್ತದೆ, ಸ್ವಲ್ಪ ನೀರು ಮಾತ್ರ ಕೊಬ್ಬಿನೊಳಗೆ ಸಿಕ್ಕಿಕೊಳ್ಳುತ್ತದೆ. ಹೊರಗಿದ್ದದ್ದು ಒಳಗೆ ಬಂತು, ಅಲ್ವಾ? ಇದೇ ವ್ಯತ್ಯಾಸ. ಕಾವಲಿಗೆ ಬೆಣ್ಣೆ ಹಾಕಿದಾಗ ಚಟಪಟ ಅನ್ನುವುದು ಆ ನೀರೇ! ಕೊಬ್ಬು ಗಟ್ಟಿ ಇರುವುದರಿಂದ ಕೆಲವು ಪುಸ್ತಕಗಳು ಬೆಣ್ಣೆಯನ್ನು ಜೆಲ್ (ಘನದಲ್ಲಿ ದ್ರವ ಹರಡಿದ ಕಲಿಲ) ಅಂತ ಬರೆಯುತ್ತವೆ. ಅದೂ ತಪ್ಪಲ್ಲ.

ಉಳಿದ ಬಗೆಯ ಕಲಿಲಗಳು ಸುಲಭ. ದ್ರವದಲ್ಲಿ ಘನ ಇದ್ದರೆ ಸಾಲ್, ಪೇಂಟಿನ ಹಾಗೆ. ದ್ರವದಲ್ಲಿ ಅನಿಲ ಇದ್ದರೆ ನೊರೆ. ಗಾಳಿಯಲ್ಲಿ ಹೊಗೆ ಅಥವಾ ಮಂಜು ಇದ್ದರೆ ಏರೋಸಾಲ್. ಅನಿಲದಲ್ಲಿ ಅನಿಲ ಮಾತ್ರ ಕಲಿಲವಾಗುವುದಿಲ್ಲ, ಪೂರ್ತಿ ಬೆರೆತುಬಿಡುತ್ತದೆ.

ಗುಣ ನೋಡಬೇಕೆಂದರೆ ಬೆಳಿಗ್ಗೆ ಸೌದೆ ಒಲೆಯ ದೋಸೆ ಹೋಟೆಲಿಗೆ ಹೋಗಿ. ಕಿಟಕಿಯಿಂದ ಬಂದ ಬಿಸಿಲುಕೋಲು ಹೊಗೆಯಲ್ಲಿ ಎದ್ದು ಕಾಣುತ್ತದೆ. ಕಣಗಳು ಬೆಳಕನ್ನು ಚದುರಿಸುತ್ತವೆ, ಇದೇ ಟಿಂಡಾಲ್ ಪರಿಣಾಮ. ಉಪ್ಪುನೀರಿಗೆ ಟಾರ್ಚ್ ಬಿಟ್ಟರೆ ಹೀಗೆ ಕಾಣದು. ಇನ್ನೊಂದು ಗುಣ, ಕಲಿಲದ ಕಣಗಳು ಸಾಮಾನ್ಯ ಸೋಸುಕಾಗದದಲ್ಲಿ ನಿಲ್ಲದೆ ದಾಟಿಹೋಗುತ್ತವೆ.