ಪಿಜಿ ಬಾಡಿಗೆ ಭಾರ, ಕಾಲೇಜ್ ಬದಲಾಯಿಸ್ಲಾ?

ಪ್ರಶ್ನೆ: ಮೇಡಂ, ನಮ್ಮೂರು ತುಮಕೂರು, ಬೆಂಗಳೂರಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜೊಂದ್ರಲ್ಲಿ ಬಿಇ ಎರಡನೇ ಸೆಮ್. ಪಿಜಿ ಬಾಡಿಗೆ ಕಟ್ಟೋಕೆ ಅಪ್ಪ ಒದ್ದಾಡ್ತಿದಾರೆ, ಊರಿನ ಕಾಲೇಜಿಗೇ ಬಂದ್ಬಿಡ್ಲಾ?

ಉತ್ತರ: ಬರ್ಬಹುದಮ್ಮ, ಆದ್ರೆ ಬೇಕಾದಾಗೆಲ್ಲ ಆಗಲ್ಲ, ಮೂರನೇ ಸೆಮ್ ಶುರುವಾಗೋ ಹೊತ್ತಿಗೆ ಅರ್ಜಿ ಹಾಕ್ಬೇಕು, ಅಲ್ಲಿ ಸೀಟು ಖಾಲಿ ಇರ್ಬೇಕು, ಎರಡೂ ಕಾಲೇಜಿನ ಎನ್‌ಒಸಿ ಅಂದ್ರೆ ಅಭ್ಯಂತರ ಇಲ್ಲ ಅನ್ನೋ ಪತ್ರ ಬೇಕು, ಮೇಲೆ ಯೂನಿವರ್ಸಿಟಿ ಒಪ್ಪಿಗೆ ಬೇರೆ. ಮೊದ್ಲು ಸೀಟಿದ್ಯಾ ಅಂತ ವಿಚಾರ್ಸು. ನನ್ನ ತಂಗಿ ಮಗ ಟಿಸಿ ಕಿತ್ಕೊಂಡು ಬಂದ್ಮೇಲೆ ಸೀಟು ಹುಡುಕೋಕೆ ಹೋದ, ಎರಡು ತಿಂಗಳು ಮನೇಲಿ ಕೂತ! ಹಳೇ ಕಾಲೇಜಿನೋರು ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಲ್ಲ ಅಂದ್ರೆ ಹೆದರ್ಬೇಡ, ಹಾಗೆ ಇಟ್ಕೊಳ್ಳೋ ಹಾಗಿಲ್ಲ ಅಂತ ವಿಶ್ವವಿದ್ಯಾಲಯಗಳ ಮೇಲಿನ ಕೇಂದ್ರ ಸಂಸ್ಥೆ ಯುಜಿಸಿ 2018ರಲ್ಲೇ ಹೇಳಿದೆ. ಹೋಗೋದು ಅಟಾನಮಸ್ (ಸಿಲಬಸ್, ಪರೀಕ್ಷೆ ತಾನೇ ಮಾಡ್ಕೊಳ್ಳೋ) ಕಾಲೇಜಾದ್ರೆ ಸಿಲಬಸ್ ಬೇರೆ ಇರುತ್ತೆ, ಮೊದಲ ವರ್ಷದ ಯಾವ್ದಾದ್ರೂ ಪೇಪರ್ ಮತ್ತೆ ಬರೀಬೇಕಾ ಕೇಳ್ಕೋ.