ಓದುಗರ ಪ್ರಶ್ನೆ: ಒಳ್ಳೆಯ ಮ್ಯಾನೇಜರ್ ತಪ್ಪು ಸಹಿ ಏಕೆ ಹಾಕುತ್ತಾರೆ?

ಪ್ರಶ್ನೆ: ನಮ್ಮ ಮ್ಯಾನೇಜರ್ ಸಂಭಾವಿತರು. ಆದರೂ ತಿಂಗಳ ಕೊನೆಯ ವಾರ ಬಂತೆಂದರೆ ತಪಾಸಣೆ ಮುಗಿಯದ ಸರಕಿಗೂ ‘ಓಕೆ’ ಎಂದು ಸಹಿ ಹಾಕಿಬಿಡುತ್ತಾರೆ. ನೀತಿಯ ತರಬೇತಿ ಕೊಡಿಸಿದರೆ ಸರಿಹೋದೀತೆ?

ಉತ್ತರ: ಮೊದಲು ಕ್ಯಾಲೆಂಡರ್ ನೋಡಿ. ತಿಂಗಳ ಮೊದಲ ವಾರ ಅವರು ಹೀಗೆ ಮಾಡುವುದಿಲ್ಲವಾದರೆ, ದೋಷ ಸ್ವಭಾವಕ್ಕಿಂತ ಹೆಚ್ಚಾಗಿ ಗಡುವಿನದು. 1973ರಲ್ಲಿ ಮನಶ್ಶಾಸ್ತ್ರಜ್ಞರಾದ ಡಾರ್ಲಿ ಮತ್ತು ಬ್ಯಾಟ್ಸನ್ ಪ್ರಕಟಿಸಿದ ಪ್ರಯೋಗದಲ್ಲಿ ಧರ್ಮಶಾಸ್ತ್ರದ ವಿದ್ಯಾರ್ಥಿಗಳು ಹೋಗುವ ದಾರಿಯಲ್ಲಿ ಒಬ್ಬ ಕುಸಿದು ಕೂತಿದ್ದ. ಅವಸರವಿಲ್ಲದವರಲ್ಲಿ ನೂರಕ್ಕೆ 63 ಮಂದಿ ನೆರವಾದರು. ‘ತಡವಾಯಿತು, ಬೇಗ ಹೋಗಿ’ ಎನಿಸಿಕೊಂಡವರಲ್ಲಿ 10 ಮಂದಿ ಮಾತ್ರ.

ದೂರವೂ ಒಂದು ಕಾರಣ. ಕೆಟ್ಟ ಸರಕು ಯಾರ ಕೈಸೇರುತ್ತದೋ ಅವರ ಮುಖ ಮ್ಯಾನೇಜರಿಗೆ ಕಾಣದು. ಗುರಿ ಮುಟ್ಟಲಿಲ್ಲವೆಂದು ಬೈಯುವವರು ನಾಳೆ ಬೆಳಿಗ್ಗೆಯೇ ಎದುರಿಗಿರುತ್ತಾರೆ.

ಇನ್ನೂ ಅಪಾಯದ್ದು, ಪ್ರಶ್ನೆಯನ್ನೇ ತಿರುಗಿಸಿ ಕೇಳುವುದು. 1986ರ ಜನವರಿ 27ರ ರಾತ್ರಿ, ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ರಾಕೆಟ್ ತಯಾರಕರ ಎಂಜಿನಿಯರುಗಳು 53 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಚಳಿಯಿದ್ದರೆ ಹಾರಿಸಬೇಡಿ ಎಂದಿದ್ದರು. ರಾಕೆಟ್ಟಿನ ಕೀಲುಗಳಲ್ಲಿ ಬಿಸಿ ಅನಿಲ ಸೋರದಂತೆ ತಡೆಯುವ ರಬ್ಬರಿನ ಬಳೆ, ಓ-ರಿಂಗ್, ಚಳಿಗೆ ಪುಟಿಯುವ ಗುಣ ಕಳೆದುಕೊಳ್ಳುತ್ತದೆ. ‘ಸುರಕ್ಷಿತವೆಂದು ತೋರಿಸಿ’ ಎಂದು ಕೇಳಬೇಕಾದಲ್ಲಿ ‘ಅಪಾಯವೆಂದು ಸಾಬೀತು ಮಾಡಿ’ ಎಂಬ ಒತ್ತಡ ಬಾಹ್ಯಾಕಾಶ ಸಂಸ್ಥೆ ನಾಸಾದಿಂದ ಬಂತು. ಕೊನೆಗೆ ಆ ತಯಾರಕ ಕಂಪನಿಯ ನಾಲ್ವರು ಮ್ಯಾನೇಜರುಗಳೇ ಒಪ್ಪಿಗೆ ಕೊಟ್ಟರು. ಮರುದಿನ ನೌಕೆ ಆಕಾಶದಲ್ಲೇ ಒಡೆದು ಏಳು ಜೀವ ಹೋದವು. ನಿಮ್ಮಲ್ಲಿ ‘ಸರಕಿನಲ್ಲಿ ದೋಷವಿದೆಯೆಂದು ಪುರಾವೆ ಎಲ್ಲಿದೆ?’ ಎಂಬ ಮಾತು ಕಿವಿಗೆ ಬಿದ್ದರೆ ಅಲ್ಲೇ ತಡೆಯಿರಿ.

ಈಗ ನಮೂನೆಗೆ ಬನ್ನಿ. ‘ಓಕೆ’, ‘ತಿರಸ್ಕೃತ’ ಎರಡೇ ಖಾನೆಯಿದ್ದರೆ ‘ತಪಾಸಣೆ ಬಾಕಿ’ ಎಂಬ ಮೂರನೆಯದನ್ನು ಸೇರಿಸಿ. ಅದಕ್ಕೆ ಗುರುತು ಬಿದ್ದರೆ ಯಾವ ಪರೀಕ್ಷೆ ಬಾಕಿ, ಏಕೆ, ಯಾವ ದಿನದೊಳಗೆ ಮುಗಿಸುವುದು ಎಂದು ಬರೆಸಿ. ಅಲ್ಲಿಯವರೆಗೆ ಸರಕು ಗೋದಾಮಿನಲ್ಲೇ ಇರಲಿ. ಬಿಡುಗಡೆಯ ಸಹಿ ಗುಣಮಟ್ಟ ವಿಭಾಗದ್ದಾಗಲಿ. ಆ ವಿಭಾಗದವರ ಇನ್ಸೆಂಟಿವ್ ರವಾನೆಯ ಲೆಕ್ಕಕ್ಕೆ ಅಂಟಿಕೊಂಡಿದ್ದರೆ ಈ ಬದಲಾವಣೆ ಹೆಸರಿಗಷ್ಟೇ. ಮೂರು ತಿಂಗಳು ಸತತವಾಗಿ ಒಂದೇ ಪರೀಕ್ಷೆ ಬಾಕಿ ಉಳಿದರೆ ಆಳು ಅಥವಾ ಯಂತ್ರ ಸಾಲದು ಎಂದರ್ಥ. ಅದಕ್ಕೆ ಯಾವ ತರಬೇತಿಯೂ ಮದ್ದಲ್ಲ.

ಪ್ರಶ್ನೆ: ಮೀಟಿಂಗಿನಲ್ಲಿ ಕಿರಿಯರು ಬಾಯಿಯೇ ಬಿಡುವುದಿಲ್ಲ. ಏನು ಮಾಡಲಿ?

ಉತ್ತರ: ನೀವು ಕೊನೆಗೆ ಮಾತಾಡಿ. ಹಿರಿಯರ ಅಭಿಪ್ರಾಯ ಮೊದಲೇ ಹೊರಬಿದ್ದರೆ ಉಳಿದವರದು ಬರೀ ತಲೆಯಾಡಿಸುವ ಕೆಲಸ. ಮಾತು ಶುರುವಾಗುವ ಮುಂಚೆ ಪ್ರತಿಯೊಬ್ಬರಿಂದಲೂ ಚೀಟಿಯಲ್ಲಿ ಒಂದು ಆಕ್ಷೇಪ ಬರೆಸಿಕೊಂಡು, ಅದನ್ನು ನಡಾವಳಿಯಲ್ಲಿ ದಾಖಲಿಸಿ.