ಪಟ್ಟದ ಪಂದ್ಯ ಸೋತ ಬಾಕ್ಸರ್ ಮತ್ತೆ ಮೊದಲಿನಂತಾಗುವುದು ಏಕೆ ಅಪರೂಪ?

ಚಾಂಪಿಯನ್‌ಷಿಪ್ ಪಂದ್ಯ ಸೋತ ಬಾಕ್ಸರ್‌ಗಳು ಆಮೇಲೆ ಸಾಲುಸಾಲಾಗಿ ಸೋಲುವುದೇಕೆ, ಒಂದೇ ಸೋಲಿಗೆ ಮನಸ್ಸು ಅಷ್ಟು ಕುಸಿಯುತ್ತದೆಯೇ ಎಂದು ಕೇಳಿದ್ದೀರಿ. ಪುಣೆಯಲ್ಲಿ ಸಂಜೆಯ ಹೊತ್ತು ಹುಡುಗರಿಗೆ ಬಾಕ್ಸಿಂಗ್ ಕಲಿಸುವ ನನಗೆ, ಇದರಲ್ಲಿ ಮನಸ್ಸಿನ ಪಾಲನ್ನು ನಾವು ತುಸು ಹೆಚ್ಚಾಗಿಯೇ ಲೆಕ್ಕ ಹಾಕುತ್ತೇವೆ ಅನ್ನಿಸುತ್ತದೆ. ಇಳಿಗಾಲ ಬಹಳ ಸಲ ಸೋಲಿಗೆ ಮೊದಲೇ ಶುರುವಾಗಿರುತ್ತದೆ.

ಪಟ್ಟದ ಪಂದ್ಯದವರೆಗೆ ಬರುವಷ್ಟರಲ್ಲಿ ಆ ದೇಹ ವರ್ಷಗಟ್ಟಲೆ ಸ್ಪಾರಿಂಗ್‌ನ, ಅಂದರೆ ಅಭ್ಯಾಸದ ಕಾದಾಟದ, ಗುದ್ದುಗಳನ್ನು ತಿಂದಿರುತ್ತದೆ, ಪ್ರತಿ ಪಂದ್ಯಕ್ಕೂ ನೀರು ಬಿಟ್ಟು ತೂಕ ಇಳಿಸಿ ಬಳಲಿರುತ್ತದೆ. ಅದರ ಮೇಲೆ ಸರಿಸಮಾನನೊಬ್ಬನ ಜೊತೆ 12 ಸುತ್ತು. 1990ರ ಮಾರ್ಚ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಮೆಲ್ಡ್ರಿಕ್ ಟೇಲರ್, ಹೂಲಿಯೊ ಸೀಸರ್ ಚಾವೆಸ್ ಎದುರು ಇಬ್ಬರು ತೀರ್ಪುಗಾರರ ಲೆಕ್ಕದಲ್ಲಿ ಮುಂದಿದ್ದರೂ, ಕೊನೆಯ ಸುತ್ತು ಮುಗಿಯಲು ಎರಡೇ ಸೆಕೆಂಡು ಉಳಿದಿದ್ದಾಗ ರೆಫರಿ ಪಂದ್ಯ ನಿಲ್ಲಿಸಿದರು. ಆ ತೀರ್ಪಿನ ಬಗ್ಗೆ ಜನ ಇಂದಿಗೂ ಜಗಳವಾಡುತ್ತಾರೆ. ಟೇಲರ್ ಅಂದು ತಿಂದ ಪೆಟ್ಟಿನ ಬಗ್ಗೆ ಮಾತಾಡುವವರು ಕಡಿಮೆ. ಮರುವರ್ಷ ಆತ ಮೇಲಿನ ತೂಕದಲ್ಲಿ ಇನ್ನೊಂದು ಪಟ್ಟ ಗೆದ್ದದ್ದರಿಂದ ಛಲಕ್ಕೇನೂ ಕೊರತೆಯಿರಲಿಲ್ಲವೆನ್ನಬಹುದು. ಹಳೆಯ ಚುರುಕು ಮಾತ್ರ ಮರಳಲಿಲ್ಲ, 1992ರಲ್ಲಿ ಆ ಪಟ್ಟವೂ ಕೈಬಿಟ್ಟಿತು.

ತರಬೇತಿಯಲ್ಲಿ ಇದು ಬಹಳ ಸಣ್ಣದಾಗಿ ಕಾಣಿಸಿಕೊಳ್ಳುತ್ತದೆ. ಮೊದಲು ಜ್ಯಾಬ್ (ಮುಂದಿನ ಕೈಯ ಚುರುಕಾದ ನೇರ ಗುದ್ದು) ಬಂದರೆ ತಲೆಯನ್ನು ಕೂದಲೆಳೆಯಷ್ಟು ಸರಿಸಿ ಅಲ್ಲಿಂದಲೇ ಬಲಗೈ ಬೀಸುತ್ತಿದ್ದವನು ಈಗ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾನೆ, ಹಾಗೆ ಸರಿದ ಮೇಲೆ ಅವನ ಬಲಗೈ ಎದುರಾಳಿಗೆ ಎಟುಕುವುದಿಲ್ಲ. ನೋಡುವವರು ಇದನ್ನು ಹೆದರಿಕೆ ಎನ್ನುತ್ತಾರೆ. ಕೆಲವೊಮ್ಮೆ ಅದು ಹೆದರಿಕೆಯೇ ಹೌದು. ಆದರೆ ಗುದ್ದು ಬರುತ್ತಿರುವುದು ಕಣ್ಣಿಗೆ ತಡವಾಗಿ ಹೊಳೆದರೂ ಕಾಲು ಹೀಗೆಯೇ ಹಿಂದೆ ಹೋಗುತ್ತದೆ.

ಇನ್ನು ವ್ಯವಹಾರದ ಮಾತು. ಪಟ್ಟವಿರುವವರೆಗೆ ಎದುರಾಳಿ, ಊರು, ದಿನ ಎಲ್ಲದರಲ್ಲೂ ಚಾಂಪಿಯನ್‌ನ ಮಾತು ನಡೆಯುತ್ತದೆ. ಸೋತ ಮರುದಿನದಿಂದ ಅವನ ಹೆಸರು ಬೆಳೆಯುತ್ತಿರುವ ಹುಡುಗರಿಗೆ ಮೆಟ್ಟಿಲಾಗುತ್ತದೆ. ನಮ್ಮ ಬೆಳಗಾವಿ, ಕೊಲ್ಲಾಪುರ ಕಡೆಯ ಕುಸ್ತಿ ಮೈದಾನಗಳಲ್ಲೂ ಇದೇ ರೀತಿ: ಒಂದನೇ ನಂಬರಿನ ಕುಸ್ತಿಯಲ್ಲಿ ಚಿತ್ ಆದ ಪೈಲ್ವಾನನಿಗೆ ಮುಂದಿನ ಜಾತ್ರೆಯಲ್ಲಿ ಇನಾಮು ಕಡಿಮೆ, ಎದುರಿಗೆ ಮಾತ್ರ ಅವನನ್ನು ಕೆಡವಿ ಹೆಸರು ಮಾಡಬೇಕೆಂದಿರುವ ಹರೆಯದ ಹುಡುಗ. ಜೊತೆಗೆ, ಒಬ್ಬರು ಸೋಲಿಸಿದ ಬಗೆಯನ್ನು ಉಳಿದವರೆಲ್ಲ ನೋಡಿರುತ್ತಾರೆ. ಗುದ್ದು, ಒದೆ, ಕುಸ್ತಿಯ ಹಿಡಿತ ಎಲ್ಲಕ್ಕೂ ಅವಕಾಶವಿರುವ ಮಿಶ್ರ ಸಮರಕಲೆಯಲ್ಲಿ (ಎಂಎಂಎ) ಸೋಲೇ ಕಾಣದಿದ್ದ ರೋಂಡಾ ರೌಸಿಯನ್ನು ನಿಂತು ಹೊಡೆದೇ ಮಣಿಸಬಹುದೆಂದು ಹಾಲಿ ಹೋಮ್ 2015ರಲ್ಲಿ ತೋರಿಸಿದರು. ಮುಂದಿನ ವರ್ಷದ ಕೊನೆಯಲ್ಲಿ ರೌಸಿಯನ್ನು ಸೋಲಿಸಲು ಅಮಾಂಡಾ ನೂನಿಸ್‌ಗೆ 48 ಸೆಕೆಂಡು ಸಾಕಾಯಿತು.

ಮರಳಿ ಗೆದ್ದವರೂ ಇಲ್ಲದಿಲ್ಲ. ಲೆನಾಕ್ಸ್ ಲೂಯಿಸ್ 2001ರ ಏಪ್ರಿಲ್‌ನಲ್ಲಿ ಹಸೀಮ್ ರಹಮಾನ್‌ಗೆ ಸೋತು, ನವೆಂಬರ್‌ನಲ್ಲಿ ನಾಲ್ಕನೇ ಸುತ್ತಿನಲ್ಲೇ ಅವರನ್ನು ನಾಕೌಟ್ ಮಾಡಿದರು. ಏಪ್ರಿಲ್‌ನ ಸೋಲು ದೀರ್ಘ ಹೊಡೆತದಿಂದಲ್ಲ, ಒಂದೇ ಬಲಗೈ ಗುದ್ದಿನಿಂದ ಬಂದದ್ದು. ಮರುಪಂದ್ಯದ ಹಕ್ಕು ಕರಾರಿನಲ್ಲೇ ಇತ್ತು, ಅದನ್ನು ಪಡೆಯಲು ಲೂಯಿಸ್ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದ್ದರು.